ಇತರೆ

ಹೊತ್ತು ಎರಡೂ ಇಪ್ಪತ್ತು.
ಮೂರನೇ ಸೈಲೋದ ಬಾಯಿಗೆ ಹೋಗಬೇಕಾದ ಹಾಲು
ದಾರಿಯಲ್ಲೇ ನಿಂತಿದೆ.
ಹಾಸನ ಮಲಗಿದೆ. ಡೇರಿಯ ಗೇಟಿನಲ್ಲಿ ದುದ್ದದ ಟ್ಯಾಂಕರು,
ಅದರ ಹಿಂದೆ ಅರಕಲಗೂಡಿನದು,
ಅದರ ಹಿಂದೆ ಯಾರದೋ ಬೀಡಿಯ ಕೆಂಪು ಚುಕ್ಕೆ.

ಪರದೆ ಈಗ ಕೂಗಿಕೊಳ್ಳುವುದಿಲ್ಲ.
ಹಳೆಯದಾಗಿದ್ದರೆ ಕೇರಿಯೇ ಏಳುವಂತೆ ಬಡಿದುಕೊಳ್ಳುತ್ತಿತ್ತು;
ಹೊಸದು, ಬಹಳ ಓದಿದ ಡಾಕ್ಟರ ಹಾಗೆ,
ಮೆಲ್ಲಗೆ ಅಂಕಿಯಲ್ಲಿ ಹೇಳುತ್ತದೆ:
ವಾಲ್ವ್, ನೂರಕ್ಕೆ ಎಪ್ಪತ್ತೊಂದು.
ಸೆನ್ಸರ್, ಹದಿನೆಂಟು.
ಕೇಬಲ್, ಒಂಬತ್ತು.
ಇತರೆ, ಎರಡು.

ಜವರಣ್ಣ ಪೈಪಿಗೆ ಅಂಗೈ ಒತ್ತಿ, ಕಿವಿಯನ್ನೂ ಒತ್ತಿ,
"ಕಂಪ್ರೆಸರ್ರೇ ಕಣವ್ವ, ಬರೆದಿಟ್ಕೋ" ಅಂದ.
ಮೂವತ್ತೊಂದು ವರ್ಷದ ಅಂಗೈ ಅದು.
ಕಂಪ್ರೆಸರ್ ತನ್ನ ಪಾಡಿಗೆ ಗುನುಗುತ್ತಿತ್ತು.

ನಾನು ವಾಲ್ವ್ ಬಿಚ್ಚಿದೆ, ಕಾಯಿಲ್ ಬದಲಿಸಿದೆ.
ಯಂತ್ರದ ಮಾತು ಮೀರಿದರೆ
ಬೆಳಿಗ್ಗೆ ಕಾರಣ ಬರೆದುಕೊಡಬೇಕು.
ವಾಲ್ವ್ ಚೆನ್ನಾಗಿತ್ತು. ಈಗ ಇನ್ನೂ ಚೆನ್ನಾಗಿದೆ.
ಸೆನ್ಸರನ್ನು ಐಸಿನ ಲೋಟದಲ್ಲಿ ಅದ್ದಿದೆ:
ಸೊನ್ನೆ ಅಂದಿತು, ಮಗ್ಗಿ ಒಪ್ಪಿಸುವ ಹುಡುಗಿಯ ಹಾಗೆ.

ಉಳಿದದ್ದು ಒಂಬತ್ತು. ಟಾರ್ಚು ಬಾಯಲ್ಲಿ ಕಚ್ಚಿ
ಕೇಬಲ್ಲಿನ ಬೆನ್ನು ಹಿಡಿದು ನಡೆದೆ,
ತುಪ್ಪದ ಕೋಣೆ ದಾಟಿ, ಖಾಲಿ ಕ್ರೇಟುಗಳ ಗೋಡೆ ದಾಟಿ,
ನೆಟ್‌ವರ್ಕ್ ಪೆಟ್ಟಿಗೆಯ ತನಕ.
ನಾಲ್ಕು ಸ್ಕ್ರೂ. ನಾಲ್ಕನೆಯದಕ್ಕೆ ತಲೆಯಿಲ್ಲ.

ಮುಚ್ಚಳ ತೆಗೆದರೆ ಸಂಸಾರ.
ಕರಿ ಇರುವೆ. ಹಸಿರು ದೀಪ ಮಿನುಗುವ ಬೆಚ್ಚನೆ ಮೂಲೆಯಲ್ಲಿ
ಅಕ್ಕಿನುಚ್ಚಿನಂಥ ಮೊಟ್ಟೆ, ರಾಶಿ ರಾಶಿ,
ಕನೆಕ್ಟರಿನ ಹಲ್ಲುಸಂದಿಯಲ್ಲೆಲ್ಲ.
ಹಾಲಿನ ಸುದ್ದಿ ಆ ದಾರಿಯಲ್ಲೇ ಬರಬೇಕು;
ಬರುತ್ತಿತ್ತು ಕೂಡ, ತೊದಲುತ್ತ,
ಹತ್ತರಲ್ಲಿ ಮೂರು ಮಾತು ನುಂಗಿಕೊಂಡು.
ಕೇಳಿಸಿಕೊಂಡವರು
ವಾಲ್ವೇ ಮೂಕ ಅಂದುಕೊಂಡಿದ್ದರು.

ಬ್ರಷ್ಷಿನಿಂದ ಗುಡಿಸಿ ಹಳೇ ಪೇಪರಿಗೆ ತೆಗೆದೆ.
ಕೆಲವು ಮೊಟ್ಟೆ ಕಚ್ಚಿಕೊಂಡು ಆಗಲೇ ಗೋಡೆ ಹತ್ತಿದ್ದವು.
"ಮಳೆ ಬತ್ತದೆ ಹಂಗಾದ್ರೆ" ಅಂದ ಜವರಣ್ಣ,
ಇದರಲ್ಲಾದರೂ ತಾನು ಸರಿ ಇರಲಿ ಅಂತ.

ಮೂರಕ್ಕೆ ಎರಡು ನಿಮಿಷ ಇರುವಾಗ ಹಾಲು ನಡೆಯಿತು.
ಬೀಡಿ ಆರಿತು, ಟ್ಯಾಂಕರು ಹಿಂದಕ್ಕೆ ಬಂತು.

ಈಗ ಪರದೆ ಕೇಳುತ್ತದೆ: ನಿಜವಾದ ಕಾರಣ ಆರಿಸಿ.
ನೀವು ಹೇಳಿದ್ದನ್ನು ಕಲಿಯುತ್ತೇನೆ ಅನ್ನುತ್ತದೆ.
ಪಾಪ, ಕಲಿಯುವ ಆಸೆ.
ಹದಿನಾಲ್ಕು ಸಾಲಿನ ಪಟ್ಟಿ ಮೇಲಕ್ಕೂ ಕೆಳಕ್ಕೂ ಉರುಳಿಸಿದೆ.
ತುಕ್ಕು ಇದೆ. ತೇವ ಇದೆ.
ಮಾನವ ದೋಷ, ದಪ್ಪಕ್ಷರದಲ್ಲಿ, ಇದೆ.
ಇರುವೆ ಇಲ್ಲ.

ಇತರೆ ಒತ್ತಿದೆ.
ಈ ಪದಕ್ಕೂ ನನಗೂ ಹಳೆ ಪರಿಚಯ:
ಗುತ್ತಿಗೆದಾರನ ಹಾಜರಿ ಪುಸ್ತಕದಲ್ಲಿ
ಫಿಟ್ಟರ್ ಮುಗಿದು, ಎಲೆಕ್ಟ್ರಿಷಿಯನ್ ಮುಗಿದು, ಹೆಲ್ಪರ್ ಮುಗಿದು
ಗೆರೆ ಎಳೆದ ಕೆಳಗೆ
ಜಯಶೀಲ ಎಂ. ಆರ್.

ಮುಂದಿನ ಸಲ ಅದು ಅನ್ನಬಹುದು:
ಇತರೆ, ನೂರಕ್ಕೆ ಮೂರು.
ಏನದು, ಎಲ್ಲಿ ಎಂದರೆ ಅದಕ್ಕೂ ಗೊತ್ತಿರುವುದಿಲ್ಲ.
ಪೆಟ್ಟಿಗೆಯ ಮುಚ್ಚಳದ ಒಳಮೈಗೆ
ಮಾರ್ಕರಿನಲ್ಲಿ ಒಂದು ಇರುವೆ ಬರೆದೆ.
ಕಾಲು ಆರೋ ಎಂಟೋ, ಅನುಮಾನ ಬಂತು.
ಆರು ಹಾಕಿದೆ.