ಲೆಕ್ಕಕ್ಕಿಲ್ಲದ ಮೀನು

ಕಾರ್ಖಾನೆಯ ಹಿಂಬಾಗಿಲಲ್ಲಿ ಮೂಳೆ ಮಾರುತ್ತಾರೆ.
ಮಾಂಸ ವಿಮಾನ ಹತ್ತಿ ಹೋದ ಮೇಲೆ
ಉಳಿದದ್ದು ನಮಗೆ: ತಲೆ, ಬೆನ್ನುಮೂಳೆ, ಬಾಲ.
ನಾನು ಅಪೊಂಡಿ. ಬುಟ್ಟಿ ಹಿಡಿದ ಸಾಲಿನಲ್ಲಿ
ನಾಲ್ಕನೆಯವಳು.

ಭೂಪಟದಲ್ಲಿ ವಿಕ್ಟೋರಿಯಾ, ನಮ್ಮ ಬಾಯಲ್ಲಿ ಲೋಲ್ವೆ.
ಈ ನೀರಲ್ಲಿ ಆಗ ಫುಲು ಇತ್ತು.
ಬೆರಳುದ್ದ, ಅಂಗೈಯುದ್ದ, ಮೈತುಂಬ ಮುಳ್ಳು,
ಬಿಡಿಸಿ ತಿನ್ನುವಷ್ಟರಲ್ಲಿ ಹಸಿವೇ ಮುಗಿಯುವ ಮೀನು.
ಊರಿಗೆಲ್ಲ ಅದು ಬರೀ ಫುಲು. ಅವ್ವನಿಗೆ ಹಾಗಲ್ಲ:
ಇದು ಬಾಯಲ್ಲೇ ಮರಿ ಸಾಕುವುದು,
ಇದು ಬಸವನಹುಳುವಿನ ಚಿಪ್ಪು ಕಡಿಯುವುದು,
ಇದು ಕಲ್ಲಿನ ಪಾಚಿ ಕೆರೆಯುವುದು, ಇದು...
ಬೆರಳು ಮಡಚುತ್ತಾ ಹೋಗಿ
ಎರಡೂ ಕೈ ಮುಗಿದರೂ ಮೀನು ಮುಗಿಯುತ್ತಿರಲಿಲ್ಲ.
ಒಣಗಿಸಲು ಬಿಸಿಲೊಂದು ಸಾಕಿತ್ತು.

ದೊಡ್ಡ ಮೀನು ತಂದು ಬಿಟ್ಟರು. ಯಾರು ಅಂದರೆ ಇವತ್ತಿಗೂ
ಒಬ್ಬರು ಇನ್ನೊಬ್ಬರನ್ನು ತೋರಿಸುತ್ತಾರೆ.
ಎಂಬೂಟ. ಇಬ್ಬರು ಹೊರಬೇಕು, ಬಾಯಿಯೋ ಗವಿ.
ಮೊದಮೊದಲು ಕುಣಿದೆವು, ಸುಳ್ಳೇಕೆ?
ಅಣ್ಣ ಒಗಾಲೊ ತಗಡು ಹೊದಿಸಿದ, ರೇಡಿಯೊ ಕೊಂಡ.
ಅದರ ಮೈಯೆಲ್ಲ ಎಣ್ಣೆ, ಬಿಸಿಲಿಗೆ ಜಗ್ಗದು,
ಹೊಗೆ ಬೇಕು. ಹೊಗೆಗೆ ಸೌದೆ.
ಗುಡ್ಡ ಬೋಳಾಯಿತು, ಮಣ್ಣು ಇಳಿದು ನೀರು ಕೆಂಪಾಯಿತು,
ಆಮೇಲೆ ಹಸಿರು, ಗಂಜಿಯಷ್ಟು ಗಟ್ಟಿ.
ಅವ್ವ ದಡದಲ್ಲಿ ನಿಂತು
‘ಇದನ್ನು ತಿನ್ನುತ್ತಿದ್ದವರೆಲ್ಲ ಎಲ್ಲಿ?’ ಅಂದಳು,
ಮದುವೆ ಮುಗಿದ ಮನೆಯಲ್ಲಿ
ಪಾತ್ರೆ ತೊಳೆಯುವವರನ್ನು ಹುಡುಕುವ ಹಾಗೆ.

ಬಸವನಹುಳು ಹೆಚ್ಚಿತು. ತಮ್ಮನ ಮಗ
ನೀರಲ್ಲಿ ಆಡಿ ಬಂದವನು ಹೊಟ್ಟೆ ಉಬ್ಬಿ ಮಲಗಿದ.
ಡಾಕ್ಟರು ರೋಗದ ಹೆಸರು ಹೇಳಿದರು.
ಅವ್ವ ಒಂದು ಮೀನಿನ ಹೆಸರು ಹೇಳಿದಳು.

ಅವಳು ಹೋಗಿ ಹದಿನಾಲ್ಕು ವರ್ಷ.
ನಿನ್ನೆ ದೋಣಿಯ ಪಕ್ಕ ಒಮೆನಾ ರಾಶಿ ಆರಿಸುವಾಗ
ಒಂದು ಸಿಕ್ಕಿತು.
ಬಾಲ ಕೆಂಪು, ಪಕ್ಕೆಗೆ ಮಸಿಯ ಗೆರೆ,
ಕಿವಿರು ಇನ್ನೂ ಮಿಡಿಯುತ್ತಿತ್ತು. ಗಲ್ಲ ಉಬ್ಬಿತ್ತು:
ಬಾಯ್ತುಂಬ ಮರಿ.
ಯಾವುದಿದು? ಬೆರಳು ಮಡಚಿದೆ,
ನಾಲ್ಕನೆಯದಕ್ಕೇ ತಡವರಿಸಿದೆ.
ಹೆಸರೂ ಅವ್ವನ ಜೊತೆ ಮಣ್ಣಿಗೆ ಹೋಗಿತ್ತು.
‘ಅದು ಲೆಕ್ಕಕ್ಕಿಲ್ಲ, ಎಸಿ ಆಚೆ’ ಅಂದ ತಕ್ಕಡಿಯವನು.

ಬೋಗುಣಿಗೆ ನೀರು ತುಂಬಿ, ಸೊಂಟದವರೆಗೆ ಇಳಿದು
ಬಂಡೆಗಳ ಸಂದಿಯಲ್ಲಿ,
ಎಂಬೂಟದ ತಲೆ ತೂರದ ಕಡೆ, ಬಾಗಿಸಿದೆ.
ಒಂದು ಗಳಿಗೆ ಹಾಗೇ ನಿಂತಿತು,
ಬಾಯಿ ಬಿಗಿದುಕೊಂಡು.
ಒಳ್ಳೆಯದು, ಅಂದೆ.
ನಾನು ದಡ ಸೇರುವ ತನಕ ತೆರೆಯಬೇಡ.