ಡೀಫ್ರಾಸ್ಟ್

ಮೊದಲು ನೋಟಿನ ಪರೀಕ್ಷೆ.
ಹತ್ತರ ನೋಟು ಬಾಗಿಲಿಗೆ ಸಿಕ್ಕಿಸಿ ಎಳೆದೆ:
ಸಲೀಸಾಗಿ ಬಂತು. ರಬ್ಬರು ಸೋತಿದೆ.
ಬೆನ್ನಿಗೆ ಗೋಡೆ ತಾಕದಂತೆ ಗೇಣು ಈಚೆಗೆಳೆದೆ,
ಕಂಡದ್ದು ಎಂಟು ವರ್ಷದ ಧೂಳು.

ಇನ್ನು ಫ್ರೀಜರು.
ಐಸು ಕಟ್ಟಿ ಕಟ್ಟಿ
ನಿಂಬೆಹಣ್ಣು ಇಡಲೂ ಎಡೆಯಿಲ್ಲ.
'ಚಾಕು ಹಾಕ್ಬೇಡಕ್ಕ, ಗ್ಯಾಸ್ ಹೋಗ್ತದೆ!'
ರಿಪೇರಿಯ ಚಾಂದ್ ಪಾಷ ಫೋನಲ್ಲೇ ಗದರಿದ.
ಪ್ಲಗ್ ಕಿತ್ತೆ. ಬೋಗುಣಿ ಬಿಸಿನೀರು ಒಳಗಿಟ್ಟು
ಅವರೆಕಾಳು ಹಿತುಕುತ್ತ ಕೂತೆ.

ಮೂರರ ಹೊತ್ತಿಗೆ ದಡಕ್ಕನೆ ಜಾರಿತು ಹೆಂಟೆ.
ಹಿಂದೆ, ಸ್ಟೀಲು ಡಬ್ಬಿ.
ಮುಚ್ಚಳದ ಮೇಲೆ ಚುಕ್ಕಿಚುಕ್ಕಿ ಅಕ್ಷರ:
ಎನ್. ಪಿಳ್ಳಮ್ಮ, ಗಲ್‌ಪೇಟೆ.

ಹೋದ ಯುಗಾದಿಯಲ್ಲಿ, ಬೀದಿಗೆಲ್ಲ ಕೇಳುವಂತೆ,
'ಕೋಲಾರಮ್ಮನಾಣೆಗೂ ವಾಪಸ್ ಕೊಟ್ಟಿದೀನಿ' ಅಂದಿದ್ದೆ.
ಆಮೇಲೆ ಮಾತಿಲ್ಲ.

ಡಬ್ಬಿ ಇನ್ನೂ ಕೈಗೆ ಅಂಟುವಷ್ಟು ತಣ್ಣಗಿದೆ.
ಒರೆಸಿದಷ್ಟೂ ನೀರು
ಹೊಸಿಲು ದಾಟಿ
ಅವಳ ಮೆಟ್ಟಿಲ ಕಡೆಗೇ ಹೊರಟಿದೆ.