ಅನುಬಂಧ ಏಳು

ರಾತ್ರಿ ಹನ್ನೊಂದರಿಂದ ಎರಡೂವರೆಯೊಳಗೆ,
ಮಳೆಯಿಲ್ಲದೆ, ಗಾಳಿ ತಗ್ಗಿರುವಾಗ,
ಪ್ರತಿ ನಿಲುಗಡೆಯಲ್ಲಿ ಐದು ನಿಮಿಷ
ಮಾತಾಡದೆ ನಿಂತು ಆಲಿಸತಕ್ಕದ್ದು.
ವಿಧಾನದ ಪುಟದಲ್ಲಿ ಹೀಗಿದೆ.
ನಿಂತಿದ್ದೇನೆ.

ಜೂನ್ ತಿಂಗಳ ಎಸ್ಟೋನಿಯಾದಲ್ಲಿ ಕತ್ತಲೆ
ಒಳಗೆ ಬರುವುದಿಲ್ಲ;
ಹೊಸ್ತಿಲ ಮೇಲೆ ನಿಂತು ಎರಡು ಮಾತಾಡಿ
ಚಪ್ಪಲಿ ಬಿಡದೆ ಹೊರಟುಬಿಡುತ್ತದೆ.
ನೆರೆ ಇಳಿದ ಗಾವಲಿನ ಹುಲ್ಲು ನನ್ನೆದೆಯ ಮಟ್ಟ.
ಅದರ ನಡುವೆ ಕೆಂಪು ಬಳಿದ ಗೂಟಗಳ ಸಾಲು:
ನಾಲ್ಕು ಪಥದ ಬೈಪಾಸು
ಸದ್ಯಕ್ಕೆ ಇಷ್ಟೇ ಇದೆ.

ರುಕ್ಕಿರ್ಯಾಕ್ ಎನ್ನುತ್ತೇವೆ ನಾವು ಆ ಹಕ್ಕಿಗೆ.
ರೈ ಹೊಲದಲ್ಲಿ ಗೊರಗುಟ್ಟುವುದು ಅಂತ.
ಬಾಚಣಿಗೆಯ ಹಲ್ಲಿನ ಮೇಲೆ ಉಗುರೆಳೆದ ಹಾಗೆ
ಎರಡೆಳೆತ, ಎರಡೆಳೆತ, ಬೆಳಗಿನವರೆಗೆ.
ಹನ್ನೊಂದು ವರ್ಷದಿಂದ ಎಣಿಸುತ್ತಿದ್ದೇನೆ,
ಕಣ್ಣಿಗೆ ಬಿದ್ದದ್ದು ಎರಡೇ ಸಲ.
ಅದರಲ್ಲೊಂದು ಸತ್ತಿತ್ತು.

ಈ ಯೋಜನೆಯ ಕರಾರಿನ ಪ್ರಕಾರ
ಐದು ಗಂಡು ಕೂಗಿದರೆ ಪರಿಣಾಮ ಗಣನೀಯ.
ನಾಲ್ಕಾದರೆ ಅಲ್ಲ.
ನಾಲ್ಕನ್ನೂ ನಾನು ಗಣಿಸಿಯೇ ಇದ್ದೇನೆ,
ಆದರೂ ಗಣನೀಯವಲ್ಲ.

ಒಂಬತ್ತನೇ ನಿಲುಗಡೆ, ಒಂದು ಗಂಟೆ ನಲವತ್ತು:
ಹಳೆಯ ಹುಲ್ಲಿನ ಕೊಟ್ಟಿಗೆಯಾಚೆ ಮತ್ತೊಂದು ದನಿ.
ಐದನೆಯದೋ,
ನಾಲ್ಕನೆಯದೇ ಹುಲ್ಲಿನ ಬುಡದಲ್ಲಿ ಓಡಿ ಬಂದದ್ದೋ?
ಏಕಕಾಲಕ್ಕೆ ಕೇಳಿಸದಿದ್ದರೆ, ಇನ್ನೂರು ಮೀಟರಿನೊಳಗೆ,
ಒಂದೆಂದೇ ತಿಳಿಯತಕ್ಕದ್ದು.
ಇನ್ನೂರು ಮೀಟರಿಗೆ ಹದಿನೈದು ಕಮ್ಮಿ ಇತ್ತು.
ಮರುರಾತ್ರಿ ಸಂಬಳವಿಲ್ಲದೆ ಹೋಗಿ
ಎರಡರ ನಡುವೆ ನಿಂತೆ.
ಬೂಟಿನೊಳಗೆ ಇಬ್ಬನಿ ಇಳಿಯಿತು.
ಎರಡೂ ಕಡೆ ಯಾರೂ ಮಾತಾಡಲಿಲ್ಲ.

ಸಾರ್ವಜನಿಕ ಆಲಿಕೆ ಶಾಲೆಯ ಆಟದ ಕೋಣೆಯಲ್ಲಿ.
ಬಾಸ್ಕೆಟ್‌ಬಾಲ್ ಬಳೆಯ ಕೆಳಗೆ ಪರದೆ,
ಪಕ್ಕದಲ್ಲಿ ಕಾಫಿ, ರೂಬಾರ್ಬ್ ಕೇಕು, ಸಹಿಯ ಹಾಳೆ.
ಪುರಸಭೆಯ ರೈವೊ ಓದಿದ:
ಪರ್ಯಾಯ ಒಂದು, ಪರ್ಯಾಯ ಎರಡು,
ಮತ್ತು ಏನೂ ಮಾಡದಿರುವ ಶೂನ್ಯ ಪರ್ಯಾಯ.
ಯಾರೂ ಹಕ್ಕಿಯ ವಿಷಯ ಎತ್ತಲಿಲ್ಲ.
ಬಸ್ಸು ಎಲ್ಲಿ ನಿಲ್ಲುತ್ತದೆ, ಕೇಳಿದರು.
ಧೂಳು ಯಾರ ಕಿಟಕಿಗೆ, ಕೇಳಿದರು.

ಆಮೇಲೆ ಲೆಯ್ಡ ಎದ್ದಳು. ಎಂಬತ್ತೊಂದು ವರ್ಷ,
ಆ ಗಾವಲಿನ ಒಡತಿ. ಮರಿಗಳು ಓಡುವಷ್ಟಾಗಲೆಂದು
ಪ್ರತಿ ವರ್ಷ ಎಲ್ಲರಿಗಿಂತ ತಡವಾಗಿ ಕೊಯ್ಯುವವಳು;
ಅವಳ ಹುಲ್ಲು ಒರಟು, ಹಸುಗಳು ಮೂಸಿ ಬಿಡುತ್ತವೆ.
ಅವಳು ಹಕ್ಕಿಯ ಪರ, ಎಂದುಕೊಂಡೆ.
“ರೈಲ್ವೆ ಗೇಟಿನ ಮುಂದೆ ನಿಂತ ಆಂಬುಲೆನ್ಸಿನಲ್ಲಿ
ನನ್ನ ಎಂಡೆಲ್ ಹೋದ,” ಎಂದಳು.
“ಹದಿನೇಳು ನಿಮಿಷ ಉಳಿಸುತ್ತದಂತೆ ನಿಮ್ಮ ರಸ್ತೆ.
ಬರಲಿ. ಹಕ್ಕಿಯೂ ಇರಲಿ.
ಇದು ಎಷ್ಟನೇ ಪರ್ಯಾಯ?”

ರೈವೊ ಮೈಕನ್ನು ಒಂದು ಕೈಯಿಂದ ಇನ್ನೊಂದಕ್ಕೆ ತೆಗೆದುಕೊಂಡ.
ಟಿಪ್ಪಣಿ ಮಾಡಿಕೊಳ್ಳಲಾಗಿದೆ, ಎಂದ.

ವರದಿಯ ಚೌಕದಲ್ಲಿ ‘ನಾಲ್ಕು, ಬಹುಶಃ ಐದು’ ಎಂದು ಒತ್ತಿದೆ.
ಕೆಂಪಗಾಯಿತು: ಅಂಕಿ ಮಾತ್ರ.
ಐದು ಎಂದರೆ ಗಾವಲು ಉಳಿದೀತು,
ಬೆರಳು ಆ ಕೀಲಿಯ ಮೇಲೆ ಒಂದಷ್ಟು ಹೊತ್ತು ಇತ್ತು,
ಸುಳ್ಳು ಹೇಳುತ್ತಿಲ್ಲ.
ನಾಲ್ಕು.

ಉಳಿದದ್ದನ್ನು ಅನುಬಂಧ ಏಳರಲ್ಲಿ ಬರೆದೆ,
ಆರುನೂರ ಹನ್ನೊಂದನೇ ಪುಟ, ಸಣ್ಣಕ್ಷರ:
ಕೊಟ್ಟಿಗೆಯಾಚೆ ಒಂದು ದನಿ. ಯಾರದೆಂದು ತಿಳಿದಿಲ್ಲ.
ಬಹಳ ಹೊತ್ತು ಕೇಳುತ್ತಲೇ ಇತ್ತು.

ಜುಲೈಯಲ್ಲಿ ಲೆಯ್ಡ ಫೋನು ಮಾಡಿದಳು.
ಎಲ್ಲಿಯವರೆಗೆ ಕೊಯ್ಯದೆ ಬಿಡಲಿ ಎಂದಳು.
ಆಗಸ್ಟ್ ಬರಲಿ, ಎಂದೆ.
ಎಷ್ಟಿದಾವೆ ಒಟ್ಟು?
ಎಣಿಕೆಗೆ ನಾಲ್ಕು, ಎಂದೆ.

“ಎಣಿಕೆ ಬಿಟ್ಟು ಹೇಳು,” ಎಂದಳು.